ಕಂಬಳಿಯ ಮೇಲಿನ ಕೋಲು

ಸಣ್ಣಬೀರಪ್ಪನ ಹೆಸರು ಸಣ್ಣದಾದರೂ ಗಂಟಲು ದೊಡ್ಡದು. ಶಿಕಾರಿಪುರದ ಸಂತೆಯಲ್ಲಿ ಅವನ ಮಾತು ಮೊದಲು ಕೇಳಿಸುತ್ತಿತ್ತು, ಆಸಾಮಿ ಆಮೇಲೆ ಕಾಣಿಸುತ್ತಿದ್ದ. ಉಡುತಡಿಯ ಆಚೆಗಿನ ಕುರುಬರ ಹಟ್ಟಿಯವನು. ಒಂದಿಷ್ಟು ಕುರಿ, ಒಂದು ತುಂಡು ರಾಗಿ ಹೊಲ, ಅಷ್ಟೇ ಬದುಕು. ಅಕ್ಷರ ಬಾರದು. ಆದರೆ ದೇಶಾಂತರದ ಸುದ್ದಿ ಕಿವಿಗೆ ಬೀಳದಿದ್ದರೆ ಉಂಡ ಮುದ್ದೆ ಅರಗದು. ಸಂತೆಯಲ್ಲಿ ಉಣ್ಣೆ ಮಾರಿದವನೇ ನೇರ ಹೋಗಿ ದರ್ಜಿ ಅಜಮತ್ ಉಲ್ಲಾನ ಅಂಗಡಿ ಕಟ್ಟೆಯ ಮೇಲೆ ಕೂರುತ್ತಿದ್ದ. ಅಜಮತ್ ಉಲ್ಲಾ ಬೆಂಗಳೂರಿನಿಂದ ಉರ್ದು ಪತ್ರಿಕೆ ತರಿಸುತ್ತಿದ್ದ. ಅದು ಬಸ್ಸಿನಲ್ಲಿ ಕೂತು ಹಳಸಿದ ಮೇಲೇ ಊರು ತಲುಪುತ್ತಿತ್ತು. ಅವನು ಮಿಷನ್ ತುಳಿಯುವುದನ್ನು ನಿಲ್ಲಿಸಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಉರ್ದುವಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದ.

ಸಣ್ಣಬೀರಪ್ಪನಿಗೆ ಈ ಚಟ ಹತ್ತಿದ್ದು ಐವತ್ತೇಳರ ಚುನಾವಣೆಯಲ್ಲಿ. ಆ ದಿನ ಸಾಲಿನಲ್ಲಿ ಅವನ ಬೆನ್ನ ಹಿಂದೆ ನಿಂತವನು ಕಾಳಿನ ವ್ಯಾಪಾರಿ ಆನಂದಪ್ಪ. ಅವನ ಮಳಿಗೆಯಲ್ಲಿ ಸಣ್ಣಬೀರಪ್ಪ ಅದುವರೆಗೆ ಕೂತವನಲ್ಲ, ಯಾವಾಗಲೂ ಬಾಗಿಲ ಹೊರಗೆ ನಿಂತೇ ಮಾತು. ಅಂಥ ಆನಂದಪ್ಪ ಅವತ್ತು ಬಿಸಿಲಿನಲ್ಲಿ ಬೆವರುತ್ತ, ಕುರುಬನ ಕಂಬಳಿಯ ವಾಸನೆ ಕುಡಿಯುತ್ತ ನಿಲ್ಲಬೇಕಾಯಿತು. ಪರದೆಯ ಹಿಂದೆ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ. ಸಣ್ಣಬೀರಪ್ಪ ತನಗೆ ಬೇಕಾದ ಗುರುತು ನೋಡಿ ಚೀಟಿ ತುರುಕಿ ಹೊರಗೆ ಬಂದ. ‘ಯಾರಿಗೆ ಹಾಕ್ದೆ?’ ಎಂದು ಆನಂದಪ್ಪ ಗತ್ತಿನಿಂದ ಕೇಳಿದ. ‘ಅದು ನಂಗೂ ಆ ಡಬ್ಬಿಗೂ ಗೊತ್ತು ಕಣ್ರೀ’ ಎಂದ ಸಣ್ಣಬೀರಪ್ಪ. ಈ ಒಂದು ಮಾತಿನ ಸುಖದಲ್ಲಿ ಅವನು ಒಂದು ವರ್ಷ ಕಳೆದ. ಹೆಂಡತಿ ಈಶ್ವರಮ್ಮ ಆ ಕತೆಯನ್ನು ಕೇಳಿ ಕೇಳಿ ಬೇಸತ್ತು, ಅವನು ಬಾಯಿ ತೆರೆಯುವ ಮೊದಲೇ ಕೊಡ ಎತ್ತಿಕೊಂಡು ಬಾವಿಗೆ ಹೋಗುತ್ತಿದ್ದಳು.

ಐವತ್ತೆಂಟರಲ್ಲಿ ಪ್ರಪಂಚಕ್ಕೆ ಅದೇನು ದೊಡ್ಡ ರೋಗ ಬಡಿಯಿತೋ ಕಾಣೆ. ಮುಂಗಾರಿನಲ್ಲಿ ಇರಾಕಿನ ರಾಜನನ್ನು ಕೊಂದು ಸಿಪಾಯಿಗಳು ಗಾದಿಗೆ ಕೂತರು. ಕೂತವರು ಜನರ ಕೈಗಾದರೂ ಕೊಟ್ಟರೇ ಎಂದರೆ ಅದೂ ಇಲ್ಲ. ದಸರೆಯ ಹೊತ್ತಿಗೆ ಪಾಕಿಸ್ತಾನದಲ್ಲಿ ಒಬ್ಬ ಜನರಲ್ ಬಂದು ಇನ್ನು ಚುನಾವಣೆ ಗಿನಾವಣೆ ಇಲ್ಲ ಎಂದ. ಅದರ ಬೆನ್ನಿಗೇ ಬರ್ಮಾದಲ್ಲಿ ಪ್ರಧಾನಿಯೇ ಸೇನಾಪತಿಯನ್ನು ಕರೆದು, ನೀನೇ ಸ್ವಲ್ಪ ದಿನ ನೋಡಿಕೋ ಎಂದು ಮನೆಯ ಕೀಲಿಕೈ ಕೊಟ್ಟ. ಇವನ್ನೆಲ್ಲ ಓದುವಾಗ ಅಜಮತ್ ಉಲ್ಲಾನ ಧ್ವನಿ ಇಳಿಯುತ್ತಿತ್ತು. ಅವನ ತಂಗಿ ಅಕ್ತರ್ ಬೀ ಮದುವೆಯಾಗಿ ಕರಾಚಿಯಲ್ಲಿದ್ದಳು. ಅಲ್ಲಿನದು ಒಳ್ಳೆಯದಾಯಿತು ಎಂದರೂ ಕಷ್ಟ, ಕೆಟ್ಟದಾಯಿತು ಎಂದರೂ ಕಷ್ಟ. ಅವನು ಸುದ್ದಿ ಹೇಳಿ, ಮೇಲೆ ಒಂದು ಮಾತೂ ಸೇರಿಸದೆ ಮತ್ತೆ ಮಿಷನ್ ತುಳಿಯುತ್ತಿದ್ದ.

ಮಾತು ಸೇರಿಸುವ ಕೆಲಸವನ್ನು ಆನಂದಪ್ಪ ಮಾಡುತ್ತಿದ್ದ. ‘ಕರಾಚಿಯಾಗೆ ಈಗ ಅಕ್ಕಿ, ಎಣ್ಣೆ ಎಲ್ಲಾ ಇಳಿದಾವಂತೆ. ಕಚೇರಿಯೋರು ಟೈಮಿಗೆ ಸರಿಯಾಗಿ ಬರ್ತಾರಂತೆ. ನಮ್ಗೂ ಅಂಥೋನೊಬ್ಬ ಬೇಕು ನೋಡ್ರಿ’ ಎಂದ ಒಂದು ದಿನ.

‘ಅಂಥೋನು ಬಂದ್ರೆ ಮೊದ್ಲು ನಿಮ್ಮ ಮಳಿಗೆಗೇ ಬೀಗ ಜಡೀತಾನ್ರೀ’ ಎಂದ ಸಣ್ಣಬೀರಪ್ಪ.

‘ನನ್ನಂಥೋರಿಗೆ ಯಾಕೆ ಜಡೀತಾನೆ? ಕಳ್ಳರಿಗೆ ಜಡೀತಾನೆ.’

ಕಟ್ಟೆಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಒಬ್ಬೊಬ್ಬನಿಗೂ ಬೀಗ ಬೀಳುವುದು ಪಕ್ಕದವನ ಬಾಗಿಲಿಗೇ ಎಂಬ ನಂಬಿಕೆ. ಸಣ್ಣಬೀರಪ್ಪ ಎಲೆಯಡಿಕೆ ಉಗಿದು ಎದ್ದುಬಂದ. ದಾರಿಯುದ್ದಕ್ಕೂ ಅವನಿಗೆ ಸಿಟ್ಟು. ಇವರಿಗೆ ಓಟಿನ ಹಕ್ಕು ಕೊಟ್ಟವರು ಯಾರು, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಬೈದುಕೊಳ್ಳುತ್ತ ನಡೆದ. ಅಷ್ಟು ಸಿಟ್ಟಿಗೆ ಒಳಗೊಂದು ಕಾರಣವೂ ಇತ್ತು. ಅವನ ಹಟ್ಟಿಯಲ್ಲೇ ಒಬ್ಬ ಜನರಲ್ ಬೆಳೆಯುತ್ತಿದ್ದ.

ಹಟ್ಟಿಯಲ್ಲಿ ಎಲ್ಲ ಮನೆಗಳ ಕುರಿಯೂ ಸೇರಿ ಒಂದೇ ಮಂದೆ. ದೀಪಾವಳಿ ಕಳೆದ ಮೇಲೆ ಮಂದೆ ಹೊರಗೆ ಹೊರಡುತ್ತದೆ. ಕೊಯ್ಲಾದ ಹೊಲಗದ್ದೆಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಕುರುಬರಿಗೆ ಕಾಳು. ದಾರಿಯಲ್ಲಿ ಎತ್ತ ಹೋಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಒಬ್ಬನ ಮಾತು. ಅವನ ಕೈಯಲ್ಲಿ ಮಂದೆಯ ಕೋಲು. ದಾರಿಯಲ್ಲಿ ಅವನಿಗೆ ಎದುರಾಡುವಂತಿಲ್ಲ. ತೋಳ ಬಂದಾಗ ಸಭೆ ಸೇರಿಸಲಾಗುತ್ತದೆಯೇ? ಆದರೆ ಹಿರಿಯರು ದಡ್ಡರಲ್ಲ. ವರ್ಷಕ್ಕೊಮ್ಮೆ, ಬಲಿಪಾಡ್ಯದ ದಿನ, ಆ ಕೋಲನ್ನು ಅವನು ಎಲ್ಲರೆದುರು ಕಂಬಳಿ ಹಾಸಿ ಅದರ ಮೇಲೆ ಇಡಬೇಕು. ‘ನನ್ನ ಕೈ ಸೋತಿತು’ ಎನ್ನಬೇಕು. ಆಮೇಲೆ ಮನೆಗೊಬ್ಬ ಗಂಡಸಿನಂತೆ ಸುತ್ತ ಕೂತವರು ಒಬ್ಬೊಬ್ಬರಾಗಿ ಮಾತು ಹೇಳಬೇಕು. ಅವನೇ ಇರಲಿ ಎಂದರೆ ‘ನಿನ್ನ ಕೈಗೇ ಇರಲಿ.’ ಬೇಡ ಎಂದರೆ ‘ಕೈ ಬದಲಾಗಲಿ.’ ಹೆಂಗಸರು ಬೇಲಿಯ ಹತ್ತಿರ ನಿಂತು ನೋಡಬಹುದು. ಕುರಿ ಅವರದಾದರೂ ಮಾತು ಅವರದಲ್ಲ.

ಹಳೆಯ ಕಾಲದಲ್ಲಿ ಕೈ ಬದಲಾಗುತ್ತಲೇ ಇತ್ತು. ಸಣ್ಣಬೀರಪ್ಪನ ಅಪ್ಪನೂ ಒಮ್ಮೆ ಹಿಡಿದಿದ್ದ, ಒಮ್ಮೆ ಕಳೆದುಕೊಂಡಿದ್ದ, ಯಾರೂ ಅದಕ್ಕೆ ಅತ್ತಿರಲಿಲ್ಲ. ಉಜ್ಜಪ್ಪ ಹಿಡಿದ ಮೇಲೆ ಮಾತ್ರ ಬದಲಾವಣೆ ನಿಂತಿತು. ಉಜ್ಜಪ್ಪ ಕೆಟ್ಟವನೇನಲ್ಲ, ಅದೇ ತೊಂದರೆ. ಒಂದು ವರ್ಷ ಮಂದೆಗೆ ಸಿಡುಬು ಬಿದ್ದಾಗ ಅವನು ಊಟ ನಿದ್ದೆ ಬಿಟ್ಟು, ರೋಗದ ಕುರಿ ಬೇರೆ, ಚೆನ್ನಾಗಿರುವ ಕುರಿ ಬೇರೆ ಮಾಡಿ, ಅಳುವವರನ್ನು ಗದರಿಸಿ ಮಂದೆ ಉಳಿಸಿದ್ದ. ಆ ಉಪಕಾರವನ್ನು ಜನ ಮರೆಯಲಿಲ್ಲ, ಅವನೂ ಮರೆಯಗೊಡಲಿಲ್ಲ. ಆಮೇಲೆ ಪದ್ಧತಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ. ಮೊದಲು ಕೋಲು ಇಟ್ಟು, ಮಾತು ಮುಗಿದ ಮೇಲೆ ಊಟವಿತ್ತು. ಉಜ್ಜಪ್ಪ, ‘ಹಸ್ಕೊಂಡು ಯಾಕೆ ಕೂರ್ತೀರಿ, ಮೊದ್ಲು ನಮ್ಮನೇಲಿ ಉಂಡ್ಬಿಡ್ರಿ’ ಎಂದ. ಹೋಳಿಗೆ, ತುಪ್ಪ, ಮೇಲೊಂದಿಷ್ಟು ಅಕ್ಕಿ ಪಾಯಸ. ಯಾರು ಬೇಡವೆನ್ನುತ್ತಾರೆ? ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕಲಿತ ಜನ. ಅವನ ತುಪ್ಪ ಇನ್ನೂ ಬೆರಳಿನಲ್ಲಿ ಇರುವಾಗಲೇ ಅವನ ಕೋಲಿನ ಮಾತು ಬರುತ್ತಿತ್ತು.

ಆ ವರ್ಷ ಉಜ್ಜಪ್ಪ ಮಂದೆಯನ್ನು ಸೊರಬದ ಕಡೆ, ಉಳವಿಗೆ ಹೊಡೆಯುತ್ತೇನೆ ಎಂದ. ಅಲ್ಲಿಯ ತೋಟಪ್ಪ ಎಂಬ ಗದ್ದೆಯ ಸಾಹುಕಾರ ಬೇಕಾದಷ್ಟು ಭತ್ತ ಕೊಡಲು ಒಪ್ಪಿದ್ದ. ಈಶ್ವರಮ್ಮ ಇದನ್ನು ಕೇಳಿದ್ದೇ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಮನೆಯ ಕುರಿಗಳಲ್ಲಿ ಹೆಚ್ಚಿನವು ಅವಳ ತವರಿನವರು ಬಳುವಳಿ ಕೊಟ್ಟ ಕುರಿಗಳ ಸಂತತಿ. ಅವಳು ಅವನ್ನು ಬಣ್ಣದಿಂದಲ್ಲ, ಕೆಮ್ಮಿನಿಂದ ಗುರುತಿಸುತ್ತಿದ್ದಳು.

‘ಉಳವಿ ಕಡೆ ಗದ್ದೆ ಕೊಯ್ಲಾದ್ರೂ ಆರಲ್ಲ. ಕುರಿ ಗೊರಸು ಕೊಳೀತಾವೆ, ಹೊಟ್ಟೆಗೆ ಜಿಗಣೆ ಬೀಳ್ತಾವೆ. ನನ್ನ ಕುರಿ ಅಲ್ಲಿಗೆ ಹೋಗಬಾರ್ದು’ ಎಂದಳು.

‘ಹೋಗಲ್ಲ. ಈ ಸಲ ಕೈ ಬದಲಾಗ್ಲಿ ಅಂತೀನಿ. ನಾ ಹೇಳ್ದೆ ಅಂದ್ರೆ ಹೇಳ್ದಂಗೆ.’

‘ಮಾತು ಕೊಟ್ಟೀಯಾ?’

‘ಕೊಟ್ಟೀನಿ.’

ಬರೀ ಹೇಳಿ ಸುಮ್ಮನೆ ಕೂರುವವನಲ್ಲ. ಮನೆ ಮನೆಗೆ ಹೋದ. ಮಾಸ್ತಪ್ಪ, ‘ನೀ ಹೇಳೋದು ಖರೆ ಐತೆ, ಉಳವಿ ನೀರು ಕುರಿಗಾಗಲ್ಲ’ ಎಂದ. ಪಕ್ಕದ ಮನೆಯವನೂ ಅದನ್ನೇ ಹೇಳಿದ. ಅದರಾಚೆಯ ಮನೆಯವನು ಇನ್ನೂ ಎರಡು ಬೈಗುಳ ಸೇರಿಸಿದ. ಎಲ್ಲರೂ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದರು: ‘ನೀ ಮೊದ್ಲು ಅನ್ನು. ನಿನ್ನ ಹಿಂದೆ ನಾವೂ ಅಂತೀವಿ.’ ಬೆಕ್ಕಿಗೆ ಗಂಟೆ ಕಟ್ಟಲು ತಾನಿದ್ದೇನೆ ಎಂದು ಸಣ್ಣಬೀರಪ್ಪನಿಗೆ ಹೆಮ್ಮೆಯೇ ಆಯಿತು. ಹೊಲದಲ್ಲಿ, ಬಾವಿಯ ದಾರಿಯಲ್ಲಿ ‘ಕೈ ಬದಲಾಗಲಿ, ಕೈ ಬದಲಾಗಲಿ’ ಎಂದು ಬಾಯಿಪಾಠ ಮಾಡಿದ.

ಪಾಡ್ಯ ಬಂತು. ಉಜ್ಜಪ್ಪ ಬಾಗಿಲಲ್ಲಿ ನಿಂತು ಕೈಗೆ ನೀರು ಕೊಟ್ಟು ಕರೆದ. ಸಣ್ಣಬೀರಪ್ಪನ ಎಲೆಗೆ ತಾನೇ ಬಾಗಿ ತುಪ್ಪ ಬಡಿಸಿದ. ‘ಸಾಕು’ ಎಂದರೆ, ‘ನಿಮ್ಮಪ್ಪ ಇದಕ್ಕೆ ಎರಡರಷ್ಟು ಉಣ್ತಿದ್ದ, ಸಣ್ಣಾ. ಅವನಿಂದ್ಲೇ ಕಣೋ ನಾನು ಕೋಲು ಹಿಡಿಯೋದು ಕಲ್ತಿದ್ದು’ ಎಂದು ಇನ್ನೊಂದು ಹೋಳಿಗೆ ಹಾಕಿದ. ಅದರಲ್ಲಿ ಕಪಟವಿತ್ತೋ, ಪ್ರೀತಿಯಿತ್ತೋ, ಎರಡೂ ಇತ್ತೋ. ಸಣ್ಣಬೀರಪ್ಪನ ಕಣ್ಣು ಮಾತ್ರ ತುಂಬಿ ಬಂತು.

ಆಮೇಲೆ ಕಂಬಳಿ ಹಾಸಿದ್ದಾಯಿತು, ಕೋಲು ಮಲಗಿತು. ಉಜ್ಜಪ್ಪ ಕೈಮುಗಿದು, ‘ನನ್ನ ಕೈ ಸೋತಿತು’ ಎಂದ. ಎಲ್ಲರೂ ಮೊದಲೇ ಮಾತಾಡಿಕೊಂಡಂತೆ ಸಣ್ಣಬೀರಪ್ಪನ ಕಡೆ ನೋಡಿದರು. ಬೇಲಿಯ ಹತ್ತಿರ ಈಶ್ವರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವನು ಗಂಟಲು ಸರಿಮಾಡಿಕೊಂಡ. ಉಜ್ಜಪ್ಪ ಅವನ ಮುಖವನ್ನೇ ನೋಡಿ ಸ್ವಲ್ಪ ನಕ್ಕ, ಊಟ ಸೇರಿತೇ ಎಂದು ಕೇಳುವವನ ಹಾಗೆ. ‘ನಿನ್ನ ಕೈಗೇ ಇರಲಿ ಮಾರಾಯ’ ಎಂದುಬಿಟ್ಟ ಸಣ್ಣಬೀರಪ್ಪ.

ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ನಾಲಿಗೆ ಆ ಜಾಡು ಹಿಡಿದಿತ್ತು. ತಿಂದ ತುಪ್ಪ ಅದನ್ನು ಇನ್ನಷ್ಟು ನುಣುಪು ಮಾಡಿತ್ತು. ತಡಿ, ತಪ್ಪಾಯ್ತು ಎನ್ನುವಷ್ಟರಲ್ಲಿ ಮಾಸ್ತಪ್ಪ ‘ನಿನ್ನ ಕೈಗೇ ಇರಲಿ’ ಎಂದಾಗಿತ್ತು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಎರಡು ಬೈಗುಳ ಸೇರಿಸಿದ್ದವನು ಎಲ್ಲರಿಗಿಂತ ಜೋರಾಗಿ ಹೇಳಿದ. ಉಜ್ಜಪ್ಪ ಕೋಲು ಎತ್ತಿಕೊಂಡ. ಈಶ್ವರಮ್ಮ ಬೇಲಿಯಿಂದ ಯಾವಾಗ ಹೋದಳೋ ಗೊತ್ತಿಲ್ಲ. ಮನೆಗೆ ಬಂದಾಗ ಅವಳು ಕುರಿಗಳ ನಡುವೆ ಕೂತಿದ್ದಳು. ‘ಬಾಯ್ ತಪ್ಪಿ ಬಂತು ಕಣೇ’ ಎಂದ. ಅವಳು ತಲೆ ಎತ್ತಲಿಲ್ಲ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಉಳವಿಯಲ್ಲಿ ಅವಳು ಹೇಳಿದಂತೆಯೇ ಆಯಿತು. ತೋಟಪ್ಪನ ಗದ್ದೆ ಮೇಲೆ ಒಣಗಿದಂತೆ ಕಂಡರೂ ಗೊರಸು ಇಟ್ಟಲ್ಲಿ ನೀರು ಒಸರುತ್ತಿತ್ತು. ಮೊದಲು ಕುರಿಗಳು ಕುಂಟಿದವು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಗದ್ದ ಊದಿಸಿಕೊಂಡು, ಮೇವಿನ ಕಡೆ ತಿರುಗಿಯೂ ನೋಡದೆ ನಿಂತವು. ಸಣ್ಣಬೀರಪ್ಪ, ‘ವಾಪಸ್ ಹೋಗಾನ’ ಎಂದು ಕೂಗಾಡಿದ. ‘ಕೋಲು ಯಾರ ಕೈಲೈತೆ?’ ಎಂದು ಉಜ್ಜಪ್ಪ ಕೇಳಿದ. ತೋಟಪ್ಪ ಗದ್ದೆಯ ಬದುವಿನ ಮೇಲೆ ನಿಂತು, ‘ಎಂತದು ಮಾರಾಯ್ರೇ, ಕೊಟ್ಟ ಮಾತು ಅಂದ್ರೆ ಮಾತಲ್ವಾ’ ಎಂದ. ಈಶ್ವರಮ್ಮನ ಬಳುವಳಿಯ ಕುರಿಗಳಲ್ಲಿ ಅರ್ಧದಷ್ಟು ಅಲ್ಲೇ ಮಣ್ಣಾದವು. ಕೊನೆಗೆ ಉಜ್ಜಪ್ಪನ ಟಗರೂ ಬಿದ್ದ ದಿನ ಅವನ ಗತ್ತು ಮುರಿಯಿತು. ಕೋಲನ್ನು ಸಣ್ಣಬೀರಪ್ಪನ ಮುಂದೆ ಎಸೆದು, ‘ನೀನೇ ಹೊಡ್ಕೊಂಡು ಹೋಗು’ ಎಂದು ಕಂಬಳಿ ಮುಸುಕು ಹಾಕಿಕೊಂಡು ಕೂತ. ಸಣ್ಣಬೀರಪ್ಪ ಯಾರನ್ನೂ ಕೇಳಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ. ಉಳಿದ ಕುರಿಗಳನ್ನು ಶಿಕಾರಿಪುರ ದಾಟಿಸಿ ಮೂಡಣದ ಒಣ ನೆಲಕ್ಕೆ ಹೊಡೆದ. ಮಂದೆ ಉಳಿಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಮಂದೆ ಉಳಿಸಿದವನಿಗೆ ಒಂದು ಕಾಯಿಲೆ ಹತ್ತುತ್ತದೆ. ಯಾವ ವೈದ್ಯನಿಗೂ ಅದು ತಿಳಿಯದು. ಊರಿಗೆ ಬಂದ ಮೇಲೆ ಸಣ್ಣಬೀರಪ್ಪನ ಮಾತು ಕಡಿಮೆಯಾಯಿತು, ಅಪ್ಪಣೆ ಹೆಚ್ಚಾಯಿತು. ಯಾವ ಬಯಲಿಗೆ ಬಿಡಬೇಕು, ಯಾವಾಗ ಉಣ್ಣೆ ಕತ್ತರಿಸಬೇಕು, ಎಲ್ಲ ಅವನೇ ಹೇಳುವುದು. ಅವನು ಹೇಳುತ್ತಿದ್ದುದು ಸರಿಯಾಗಿಯೇ ಇರುತ್ತಿತ್ತು, ಹಾಗಾಗಿ ಎದುರು ಕೇಳುವವರೂ ಇರಲಿಲ್ಲ. ಅಜಮತ್ ಉಲ್ಲಾನ ಕಟ್ಟೆಯ ಮೇಲೆ ಮಾತ್ರ ಹಳೆಯ ಸಣ್ಣಬೀರಪ್ಪನೇ. ಜನರಲ್‌ಗಳನ್ನು ಬೈಯುವುದು, ಆನಂದಪ್ಪನ ಜೊತೆ ಜಗಳ, ಎಲ್ಲ ಮೊದಲಿನಂತೆ.

‘ನಿಮ್ಮ ಮಂದೆ ಹೆಂಗೈತೆ ಸಣ್ಣಬೀರಪ್ಪ?’ ಎಂದು ಒಂದು ದಿನ ದರ್ಜಿ ಕೇಳಿದ.

‘ಈಗ ಎಲ್ಲಾ ಸರಿ ಮಾಡೀನಿ ಸಾಬ್ರೇ. ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ.’

ಅಜಮತ್ ಉಲ್ಲಾ ಸೂಜಿಗೆ ದಾರ ಪೋಣಿಸಿ ಮತ್ತೆ ಮಿಷನ್ ತುಳಿಯತೊಡಗಿದ.

ಐವತ್ತೊಂಬತ್ತರ ದೀಪಾವಳಿಗೆ ಮುಂಚೆ ಸಣ್ಣಬೀರಪ್ಪ, ಪಾಡ್ಯದ ಮರುದಿನವೇ ಮಂದೆ ಮೂಡಣಕ್ಕೆ ಹೊರಡಬೇಕು ಎಂದ. ತಡಮಾಡಿದರೆ ಬೇರೆ ಮಂದೆಯವರು ಒಳ್ಳೆಯ ಹೊಲಗಳನ್ನು ಹಿಡಿದುಬಿಡುತ್ತಾರೆ. ಈಶ್ವರಮ್ಮ ರಾತ್ರಿ ಊಟಕ್ಕೆ ಬಡಿಸುತ್ತ, ‘ಉಳಿದಿರೋ ನನ್ನ ಕುರಿ ಎಲ್ಲಾ ಗಬ್ಬ ಅದಾವೆ. ಈಯೋವರ್ಗೂ ನಿಲ್ಲಬಾರ್ದಾ?’ ಎಂದಳು.

‘ನಿನ್ನ ನಾಲ್ಕು ಕುರಿಗೆ ಇಡೀ ಮಂದೆ ಕಾಯ್ಬೇಕಾ?’ ಎಂದ ಅವನು. ಮತ್ತೆ ಕೇಳಿದ್ದಕ್ಕೆ, ‘ಮುದ್ದೆ ಹಾಕು’ ಎಂದ.

ಪಾಡ್ಯದ ದಿನ ಅವನು ಎಲ್ಲವನ್ನೂ ಹಿರಿಯರ ಕ್ರಮದಲ್ಲೇ ಮಾಡಿದ. ಮೊದಲು ಕೋಲು, ಊಟ ಆಮೇಲೆ. ಇದನ್ನು ಹಳೆಯ ಪದ್ಧತಿಗೆ ತಂದೆ ಎಂದು ಅವನಿಗೆ ತುಂಬ ಸಂತೋಷ. ಕಂಬಳಿ ಹಾಸಿ ಕೋಲು ಇಟ್ಟು, ‘ನನ್ನ ಕೈ ಸೋತಿತು. ಮನಸಿನಾಗೆ ಇದ್ದಿದ್ದು ಹೇಳ್ರಿ’ ಎಂದ. ಒಳಗಿನಿಂದ ಹೋಳಿಗೆಯ ಪರಿಮಳ ಬರುತ್ತಿತ್ತು. ಜನ ಹಸಿದಿದ್ದರು. ‘ನಿನ್ನ ಕೈಗೇ ಇರಲಿ’ ಎಂದ ಮಾಸ್ತಪ್ಪ. ‘ನಿನ್ನ ಕೈಗೇ, ನಿನ್ನ ಕೈಗೇ’ ಎಂದರು ಉಳಿದವರು, ಎತ್ತು ಹೊಡೆಯುವವರಂತೆ ಅವಸರದಿಂದ. ಉಜ್ಜಪ್ಪನೂ ಅದನ್ನೇ ಹೇಳಿದ.

ಸಣ್ಣಬೀರಪ್ಪನಿಗೆ ಬೇಜಾರಾಯಿತು. ಇಷ್ಟು ಮಾಡಿಯೂ ಇವರು ಬಾಯಿ ಬಿಡಲಿಲ್ಲವಲ್ಲ ಎಂದು ಮೈ ಉರಿಯಿತು. ‘ಥೂ, ಎಂಥಾ ಜನರೋ ನೀವು. ತುಪ್ಪ ಹಾಕಿದ್ರೂ ಅದೇ, ಹಾಕ್ದಿದ್ರೂ ಅದೇ. ನಾ ಮಾಡಿದ್ರಾಗೆ ಒಂದೂ ತಪ್ಪಿಲ್ವಾ? ಒಬ್ರಾದ್ರೂ ಹೇಳ್ರೋ’ ಎಂದ.

ಬೇಲಿಯ ಕಡೆಯಿಂದ, ‘ನಾ ಹೇಳ್ತೀನಿ’ ಎಂಬ ಮಾತು ಬಂತು.

ಈಶ್ವರಮ್ಮ ನಾಲ್ಕು ಹೆಜ್ಜೆ ಮುಂದೆ ಬಂದು ನಿಂತಿದ್ದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ‘ಹೋದ ವರ್ಷ ಮಾತು ಕೊಟ್ಟು ಕೈ ಬಿಟ್ಟ. ಈ ವರ್ಷ ಮಾತೇ ಕೇಳಲಿಲ್ಲ. ಗಬ್ಬದ ಕುರಿ ದಾರೀಲಿ ಈದ್ರೆ ಮರಿ ಉಳಿಯಲ್ಲ ಅಂತ ಇಲ್ಲಿ ಕೂತಿರೋ ಎಲ್ಲರಿಗೂ ಗೊತ್ತು. ಕೈ ಬದಲಾಗ್ಲಿ.’

ಎಷ್ಟೋ ವರ್ಷದಿಂದ ಆ ಮಾತನ್ನು ಆ ಕಂಬಳಿಯ ಹತ್ತಿರ ಯಾರೂ ಆಡಿರಲಿಲ್ಲ. ಮಾಸ್ತಪ್ಪ ಕೆಮ್ಮಿದ. ಯಾರೋ ಮೂಗಿನಲ್ಲೇ ನಕ್ಕರು. ಸಣ್ಣಬೀರಪ್ಪನ ಕಿವಿಯವರೆಗೂ ಬಿಸಿ ಏರಿತು. ಅವಳ ಮಾತು ಸರಿ ಎಂದು ಅವನಿಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾದದ್ದರಿಂದಲೇ ಸಿಟ್ಟು ಬಂತು, ಅದೂ ಇಷ್ಟು ಗಂಡಸರೆದುರು.

‘ಹೆಂಗಸರಿಗೆ ಇಲ್ಲೇನು ಕೆಲಸ? ಒಳಗೆ ಹೋಗಿ ಒಲೆ ನೋಡು’ ಎಂದ.

‘ಕುರಿ ನಂದು.’

‘ಕೋಲು ನಂದು’ ಎಂದವನೇ ಬಾಗಿ ಎತ್ತಿಕೊಂಡ.

ಎಲ್ಲರಿಗೂ ಉಸಿರು ಬಂದಂತಾಯಿತು. ಗದ್ದಲವೆದ್ದಿತು, ಎಲೆ ಹಾಸಿದರು, ಯಾರೋ ತಮಾಷೆ ಮಾಡಿದರು. ಈಶ್ವರಮ್ಮ ಎಲ್ಲರಿಗೂ ಬಡಿಸಿದಳು. ಗಂಡನಿಗೂ ಬಡಿಸಿದಳು, ಸಾಕೇ ಎಂದು ಕೇಳಲಿಲ್ಲ.

ಮರುದಿನ ಮಂದೆ ಹೊರಟಿತು. ಹೊನ್ನಾಳಿಯ ದಾರಿಯಲ್ಲಿ ಮೊದಲ ಮರಿ ಬಿತ್ತು, ತಿಂಗಳು ತುಂಬದ್ದು, ಕಾಲು ಊರಲೂ ಆಗದ್ದು. ಸಣ್ಣಬೀರಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಡೆದ. ಮಧ್ಯಾಹ್ನದ ಹೊತ್ತಿಗೆ ಅದು ತಣ್ಣಗಾಗಿತ್ತು. ತಾಯಿ ಕುರಿ ಇನ್ನೂ ಅವನ ಕಾಲಿಗೆ ಮೂಗು ತಾಗಿಸಿಕೊಂಡು ಬರುತ್ತಿತ್ತು. ಅವನು ದಾರಿಯ ಮಧ್ಯೆ ನಿಂತು ಹಿಂದೆ ತಿರುಗಿದ.

‘ನಂದೇನಾದ್ರೂ ತಪ್ಪಾತೇನ್ರೋ?’ ಎಂದು ಕೇಳಿದ.

ಹಿಂದೆ ಬರುತ್ತಿದ್ದವರೆಲ್ಲ ಒಂದೇ ಬಾಯಲ್ಲಿ ಇಲ್ಲ ಎಂದರು.